ಧೂಪ ಕುಡಿಯುವ ಕಾರು

ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದೆ. ನಮ್ಮ ಯಜಮಾನರು ಒಳಗೆ ಬಂದವರೇ, "ಬರೋ ಅಮಾಸೆ ಒಳಗೆ ಸರಿ ಹೋಗ್ಲಿಲ್ಲ ಅಂದ್ರೆ ಅಪ್ಪನ ಕಾರು ಮಾರೋದೇ ಸೈ. ಹೇಳು ನಿನ್ ಮೈದುನಂಗೆ" ಎಂದರು. ಒಳ್ಳೆಯದು ಮಾಡಿದಾಗ ಅವನು ಅವರ ತಮ್ಮ, ಕೆಡಿಸಿದಾಗ ನನ್ನ ಮೈದುನ. ನಾನು ಈ ಮನೆಗೆ ಬಂದಾಗಿನಿಂದ ಇದೇ ಪದ್ಧತಿ.

ಈ ಮೈದುನನಿಗೆ ಮನುಷ್ಯರು ಕೆಮ್ಮಿದರೆ ಕೇಳಿಸುವುದಿಲ್ಲ. ಕಾರು ಕೆಮ್ಮಿದರೆ ಮುದ್ದೆ ಅರ್ಧಕ್ಕೆ ಬಿಟ್ಟು ಏಳುತ್ತಾನೆ. ಹಿರಿಯೂರಿನಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡು, ಮದುವೆಯಾಗದೆ ನಮ್ಮ ಜೊತೆಗೇ ಉಳಿದವನು. ಪ್ರಯತ್ನ ಮಾಡಲಿಲ್ಲವೆಂದಲ್ಲ. ಒಮ್ಮೆ ಹೆಣ್ಣು ನೋಡಲು ಹೊಸದುರ್ಗಕ್ಕೆ ಕರೆದುಕೊಂಡು ಹೋದೆವು. ಹುಡುಗಿ ಉಪ್ಪಿಟ್ಟು ತರುವಷ್ಟರಲ್ಲಿ ಇವನು ಅವರ ಹಿತ್ತಿಲಲ್ಲಿ ನೀರಿನ ಮೋಟಾರು ಬಿಚ್ಚಿಕೊಂಡು ಕೂತಿದ್ದ. ವಾಪಸು ಬರುವಾಗ, "ಹೆಂಗೈತಪ್ಪ?" ಎಂದು ಕೇಳಿದೆ.

"ಬೇರಿಂಗ್ ಹೋಗೈತೆ ಅತ್ತಿಗೆ" ಎಂದ.

ಕಾರು ನಮ್ಮ ಮಾವನವರದು. ಅವರು ತೀರಿಕೊಂಡ ಮೇಲೆ ಅದನ್ನು ಒರೆಸುವುದು, ಓಡಿಸುವುದು, ಅದರೊಂದಿಗೆ ಮಾತಾಡುವುದು ಎಲ್ಲ ಮೈದುನನದೇ. ಮಾರಿಕಣಿವೆ ಅಣೆಕಟ್ಟಿನ ಏರಿನಲ್ಲಿ ಅದು ಏದುಸಿರು ಬಿಡುತ್ತದೆಂದು ಅವನಿಗೆ ಸಂಕಟ. "ಅಪ್ಪ ಕೊನೇಲಿ ಉಸಿರಿಗೆ ಒದ್ದಾಡಿದಂಗೇ ಒದ್ದಾಡ್ತೈತೆ, ನೋಡಾಕಾಗಲ್ಲ" ಎನ್ನುತ್ತಿದ್ದ. ಒಂದು ದಿನ ಗಾಳಿ ಎಳೆದುಕೊಳ್ಳುವ ಕಡೆಯ ಹಳೇ ಡಬ್ಬಿ ಕಿತ್ತು, ಅನಾನಸ್ ಹಣ್ಣಿನಂಥ ದೊಡ್ಡ ಫಿಲ್ಟರ್ ಕೂರಿಸಿದ. ಹೊಗೆ ಬಿಡುವ ಕಡೆ ದಪ್ಪ ಸೈಲೆನ್ಸರ್ ಹಾಕಿದ. ಅವತ್ತಿನಿಂದ ಕಾರು ಹೊಸದಾಗಿ ಗಾಡಿಗೆ ಕಟ್ಟಿದ ಹೋರಿಯಂತೆ ಜಗ್ಗತೊಡಗಿತು.

"ಎಂಜಿನ್ನಿಗೂ ಒಂದು ಕಂಪ್ಯೂಟರ್ ಐತೆ ಅತ್ತಿಗೆ. ಗಾಳಿ ಎಷ್ಟು ಬಂತು ಅಂತ ಒಂದು ಸಣ್ಣ ತಂತಿ ಅಳೆದು ಹೇಳ್ತೈತೆ. ಅದಕ್ಕೆ ತಕ್ಕಂಗೆ ಕಂಪ್ಯೂಟರು ಪೆಟ್ರೋಲ್ ಬಿಡ್ತೈತೆ."

"ಎಸರಿಗೆ ತಕ್ಕ ಹಿಟ್ಟು ಅನ್ನು."

"ಅದೇ. ಈಗ ಎಸರು ಜಾಸ್ತಿ ಆಗೈತೆ, ಹಿಟ್ಟು ಹಳೇ ಅಳತೇನೇ ಬೀಳ್ತಾ ಐತೆ. ಲೆಕ್ಕ ತಿದ್ದಬೇಕು."

ಇಷ್ಟು ಚೆನ್ನಾಗಿ ಹೇಳಿದರೆ ಯಾರಿಗೆ ಅರ್ಥವಾಗುವುದಿಲ್ಲ? ಅರ್ಥವಾದದ್ದೇ ನನ್ನ ತಪ್ಪಾಯಿತು. ಭಾನುವಾರ ಬಂತೆಂದರೆ ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲೆ, ಅದರ ವಯರು ಕಾರಿನ ಹೊಟ್ಟೆಯಲ್ಲಿ. ಹೈವೇಯಲ್ಲಿ ಚಿತ್ರದುರ್ಗದ ಕಡೆಗೆ ಅವನು ಓಡಿಸುವುದು, ನಾನು ಪರದೆಯ ಮೇಲೆ ಗಾಳಿ-ಪೆಟ್ರೋಲಿನ ಅಳತೆಯ ಅಂಕಿ ಓದುವುದು. ಹೊರಗೆ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದರೂ ತಲೆ ಎತ್ತಿ ನೋಡುವಂತಿಲ್ಲ. ದಿನಾ ಶಿವನ ಅಷ್ಟೋತ್ತರ ಹೇಳುವ ಬಾಯಿ ನನ್ನದು. ಹದಿಮೂರು ಪಾಯಿಂಟ್ ಎರಡು ನಮಃ, ಹದಿನಾಲ್ಕು ಪಾಯಿಂಟ್ ಒಂಬತ್ತು ನಮಃ ಎಂದು ಓದುತ್ತಿದ್ದೆನಂತೆ. ಅವನು ಒಂದು ದಿನವೂ ನಗಲಿಲ್ಲ. "ನಿಧಾನ ಓದ್ರಿ ಅತ್ತಿಗೆ, ನಮಃ ಅನ್ನೋವಾಗ ನಾನು ಗೇರ್ ಹಾಕ್ತೀನಿ" ಎಂದ.

ಭಾನುವಾರ ಸಂಜೆಗೆ ಕಾರು ಬೆಣ್ಣೆಯಂತೆ ಓಡುತ್ತಿತ್ತು. ಮಂಗಳವಾರಕ್ಕೆ ಮತ್ತೆ ಜಗ್ಗು.

ಸೋಮವಾರ ನಾನು ಸುಮ್ಮನೆ ಕೂತಿರುತ್ತಿದ್ದೆನೇ? ಅತ್ತೆಯವರು ಇದ್ದಾಗಿನಿಂದ ನಡೆದು ಬಂದಂತೆ ಬೆಳಿಗ್ಗೆ ಕಾರಿನ ಬಾನೆಟ್ ತೆಗೆಸಿ, ಎಂಜಿನ್ ಚಾಲೂ ಮಾಡಿಸಿ, ಸಾಂಬ್ರಾಣಿ ಧೂಪ ಹಾಕುತ್ತಿದ್ದೆ. ಹೊಸ ಫಿಲ್ಟರ್ ಬಂದ ಮೇಲಂತೂ ಧೂಪದ ಹೊಗೆಯೆಲ್ಲ ಸರಸರನೆ ಅದರೊಳಗೇ ಹೋಗುತ್ತಿತ್ತು. ನನ್ನ ಮೈ ಜುಮ್ಮೆಂದಿತು. ಇಷ್ಟು ವರ್ಷ ಪೂಜೆ ಮಾಡಿದ್ದೇನೆ, ಕಣ್ಣೆದುರಿಗೇ ಹೀಗೆ ಧೂಪ ಸ್ವೀಕರಿಸಿದವರನ್ನು ನಾನು ಕಂಡಿರಲಿಲ್ಲ. ವಾರವಾರವೂ ಇನ್ನೆರಡು ಚಿಟಿಕೆ ಹೆಚ್ಚು ಹಾಕಿದೆ.

ಹೀಗಿರುವಾಗ ಒಂದು ಮಂಗಳವಾರ ಬುತ್ತಿ ಕಟ್ಟಿಕೊಂಡು ಮಾರಿಕಣಿವೆಗೆ ಹೊರಟೆವು. ಮಜ್ಜಿಗೆಯ ಚೊಂಬು ನನ್ನ ತೊಡೆಯ ಮೇಲಿತ್ತು. ಊರು ದಾಟುವಷ್ಟರಲ್ಲಿ ಅರ್ಧ ಮಜ್ಜಿಗೆ ಯಜಮಾನರ ಇಸ್ತ್ರಿ ಅಂಗಿಯ ಮೇಲಿತ್ತು, ಇನ್ನರ್ಧ ನನ್ನ ಸೀರೆಯ ಮೇಲೆ. ನಾನು ಹಳೇ ಸೀರೆ ಉಟ್ಟಿದ್ದೆ, ಅಷ್ಟರಮಟ್ಟಿಗೆ ದೇವರು ಕಾಪಾಡಿದ. ಅಂಗಿಯವರನ್ನು ಕಾಪಾಡಲಿಲ್ಲ. ಮಾರುತ್ತೇನೆಂಬ ಮಾತು ಬಂದದ್ದು ಅವತ್ತೇ ಸಂಜೆ.

ಮೈದುನನಿಗೆ ಹೇಳಿದೆ. ಸ್ಪ್ಯಾನರ್ ಒರೆಸುತ್ತಲೇ, "ಇನ್ನು ಎಷ್ಟು ಸೋಮವಾರ ಅವೆ?" ಎಂದ. ಎಷ್ಟು ದಿನ ಎಂದು ಕೇಳಲಿಲ್ಲ, ಎಷ್ಟು ಸೋಮವಾರ ಎಂದು ಕೇಳಿದ. ಅದು ಆಗ ನನ್ನ ತಲೆಗೆ ಹೋಗಲಿಲ್ಲ.

"ಮೂರು. ಅಮಾಸೆನೂ ಸೋಮವಾರಾನೇ ಬಂದೈತೆ."

"ಮಾಡಾಣ ಬಿಡ್ರಿ."

ಆಮೇಲೆ ಅವನು ಅಂಗಡಿಗೆ ಹೋದದ್ದೂ ಕಡಿಮೆ, ಉಂಡದ್ದೂ ಕಡಿಮೆ. ಕಾರಿನ ಪಕ್ಕದಲ್ಲೇ ಚಾಪೆ ಹಾಸಿದ. ನಾನು ಅಲ್ಲಿಗೇ ತಟ್ಟೆ ಕೊಂಡೊಯ್ಯುತ್ತಿದ್ದೆ. ಅವನದು ಅವನ ಹಟ, ನನ್ನದು ನನ್ನ ಹಟ. ಅಮಾವಾಸ್ಯೆಯ ಬೆಳಿಗ್ಗೆ ಕಾರು ಉಳಿಯಲೆಂದು ಬೇಡಿಕೊಂಡು, ಕೆಂಡದ ಮೇಲೆ ಒಂದು ಹಿಡಿ ಸಾಂಬ್ರಾಣಿ ಸುರಿದೆ. ಕಾರಿನ ಮೂತಿಯೇ ಕಾಣಲಿಲ್ಲ.

"ಸ್ವಲ್ಪ ಜಾಸ್ತಿ ಆಯ್ತೇನೋ ಅತ್ತಿಗೆ" ಎಂದ ಮೆಲ್ಲಗೆ.

"ದೇವರ ಕೆಲಸದಾಗೆ ಜಾಸ್ತಿ ಅಂತ ಇರ್ತೈತೇನಪ್ಪ?"

"ಇಲ್ಲ ಬಿಡ್ರಿ" ಎಂದವನು ಲ್ಯಾಪ್‌ಟಾಪ್ ತೆಗೆದು ಏನೇನೋ ಒತ್ತಿದ.

ಪರೀಕ್ಷೆಗೆಂದು ಯಜಮಾನರು ತಾವೇ ಸ್ಟೀರಿಂಗ್ ಹಿಡಿದರು. ಪಕ್ಕದಲ್ಲಿ ಮೈದುನ. ಹಿಂದೆ ನಾನು, ತೊಡೆಯ ಮೇಲೆ ಕಂಠಮಟ್ಟ ಮಜ್ಜಿಗೆಯ ಅದೇ ಚೊಂಬು. ಸಂತೆಯ ಜನದ ನಡುವೆ ನಿಧಾನಕ್ಕೆ ಹೋದರು, ಕುರಿಹಿಂಡಿಗೆ ನಿಲ್ಲಿಸಿದರು, ಮಾರಿಕಣಿವೆಯ ಏರು ಹತ್ತಿಸಿದರು. ನಾನು ಒಳಗೊಳಗೇ ಪಂಚಾಕ್ಷರಿ ಹೇಳುತ್ತಿದ್ದೆ. ಏರಿನ ತುದಿಯಲ್ಲಿ ನಿಲ್ಲಿಸಿ ಹಿಂದೆ ತಿರುಗಿ ಚೊಂಬು ನೋಡಿದರು. ಒಂದು ಹನಿಯೂ ಚೆಲ್ಲಿರಲಿಲ್ಲ. ಕೈ ಚಾಚಿ ಚೊಂಬು ಇಸಿದುಕೊಂಡು ಗಟಗಟನೆ ಕುಡಿದರು. "ಉಪ್ಪು ಕಮ್ಮಿ ಆಗೈತೆ" ಎಂದರು. ಕಾರು ಮಾರುವುದಿಲ್ಲ ಎಂಬುದನ್ನು ನಮ್ಮ ಯಜಮಾನರು ಹೇಳುವುದು ಹೀಗೆ.

ಮನೆಗೆ ಬಂದ ಮೇಲೆ ಮೈದುನ ಕೈಕಾಲು ತೊಳೆಯಲು ಹೋದ. ಮುಚ್ಚಿಡೋಣವೆಂದು ಲ್ಯಾಪ್‌ಟಾಪ್ ಎತ್ತಿಕೊಂಡೆ. ಪರದೆಯ ಮೇಲೆ ಅವನು ಬರೆದಿಟ್ಟ ಲೆಕ್ಕಗಳ ಹೆಸರು ಸಾಲಾಗಿ ಕಂಡವು. ಅತ್ತಿಗೆ ಧೂಪ ಒಂದು, ಅತ್ತಿಗೆ ಧೂಪ ಎರಡು. ಹೀಗೆ ಹತ್ತೊಂಬತ್ತರವರೆಗೆ. ಕೊನೆಯದು ಅತ್ತಿಗೆ ಧೂಪ ಅಮಾಸೆ.

"ಏನಪ್ಪ ಇದು?"

ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಟವೆಲ್ ಹಿಡಿದು ನಿಂತ. "ಆ ಗಾಳಿ ಅಳೆಯೋ ತಂತಿ ಐತಲ್ಲ ಅತ್ತಿಗೆ, ಸಾಂಬ್ರಾಣಿ ಹೊಗೆ ಅದಕ್ಕೆ ಜಿಗಟಾಗಿ ಕೂರ್ತಿತ್ತು. ಗಾಳೀನ ತಪ್ಪಾಗಿ ಅಳೀತಿತ್ತು. ಅದಕ್ಕೆ, ಹೊಗೆ ಕೂತರೂ ಓಡಂಗೆ ಲೆಕ್ಕ ಬರೆದೆ. ವಾರ ವಾರ ಧೂಪ ಹೆಚ್ಚಾದಂಗೆಲ್ಲ ತಿರುಗಿ ಬರೆದೆ."

"ಯಾವಾಗ ಗೊತ್ತಾಯ್ತು?"

"ಎರಡನೇ ಸೋಮವಾರ."

"ಕಾರು ಹೋಗೇ ಬಿಡ್ತಿತ್ತಲ್ಲೋ! ಒಂದು ಮಾತು ಹೇಳಿದ್ರೆ ಧೂಪ ನಿಲ್ಲಿಸ್ತಿದ್ನಲ್ಲ."

"ನಿಲ್ಲಿಸ್ತಿದ್ರಿ. ಅದಕ್ಕೇ ಹೇಳ್ಲಿಲ್ಲ" ಎಂದು ಮುಖ ಒರೆಸಿಕೊಂಡ. "ಅಪ್ಪನ ಕಾರಿಗೆ ಅವ್ವ ಧೂಪ ಹಾಕ್ತಿದ್ಲು. ಈಗ ನೀವು ಹಾಕ್ತೀರಿ. ಬದಲಾಗಬೇಕಾದ್ದು ಕಂಪ್ಯೂಟರು."

ಇನ್ನು ಮುಂದೆ ಧೂಪವನ್ನು ಸೈಲೆನ್ಸರ್ ಕಡೆ ಹಾಕುತ್ತೇನೆ ಎಂದೆ.

"ಬ್ಯಾಡ್ರಿ ಅತ್ತಿಗೆ" ಎಂದು ಗಾಬರಿಯಾದ. "ಈಗ ಹೊಗೆ ಬೀಳಲಿಲ್ಲ ಅಂದ್ರೆ ಜಗ್ಗತೈತೆ."

ಸರಿ ಎಂದು ಒಳಗೆ ಬಂದೆ. ಬರಿದಾದ ಮಜ್ಜಿಗೆಯ ಚೊಂಬನ್ನೂ ಧೂಪದ ಬಟ್ಟಲನ್ನೂ ಒಟ್ಟಿಗೆ ಇಟ್ಟುಕೊಂಡು, ಹುಣಸೆಹಣ್ಣು ಹಚ್ಚಿ ಬೆಳಗಲು ಕೂತೆ.