ಸಭೆಗೆ ಮೊದಲೇ ಸಹಿಯಾದ ತೀರ್ಮಾನ

ಸೈಕಲ್ಲನ್ನೇ ನೆಟ್ಟಗೆ ಓಡಿಸಲು ಬಾರದ ನಾನು ದೊಡ್ಡ ಕಾರು ಕಂಪನಿಯೊಂದರ ಒಳಗಿನ ಸಂಗತಿ ಹೇಳಲು ಹೊರಟಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ವಿದ್ಯುತ್ ಕಾರು ತಯಾರಿಸಬೇಕೇ ಬೇಡವೇ ಎಂದು ಅಲ್ಲಿ ಒಂಬತ್ತು ವರ್ಷಗಳಿಂದ ಪ್ರತಿ ತಿಂಗಳೂ ಸಭೆ ನಡೆಯುತ್ತಿತ್ತು. ತೀರ್ಮಾನ ಯಾವಾಗಲೂ ಒಂದೇ: 'ವಿಷಯವನ್ನು ಮುಂದೂಡಲಾಗಿದೆ.' ಹೀಗಾಗಿ ಸಭೆಯ ನಡಾವಳಿ ಬರೆಯುವ ಗುಮಾಸ್ತ ಆ ಹಾಳೆಯನ್ನು ಬೆಳಿಗ್ಗೆಯೇ ಟೈಪು ಮಾಡಿ, ಬೇರೆ ಕಾಗದಗಳ ಜೊತೆಗೇ ಚೇರ್ಮನ್ನರ ಸಹಿ ಹಾಕಿಸಿಬಿಡುತ್ತಿದ್ದ. ಸಭೆ ಮುಗಿಯುವ ಮೊದಲೇ ಪ್ರತಿಗಳು ಎಲ್ಲ ಕಡೆ ಹೋಗಿರುತ್ತಿದ್ದವು.

ಆ ದಿನ ನಿರ್ದೇಶಕರು ಒಬ್ಬರಾದ ಮೇಲೊಬ್ಬರು "ಆಗಲಿ, ಮಾಡೋಣ" ಎಂದರು. ಚೇರ್ಮನ್ನರೂ ತಲೆಯಾಡಿಸಿ ಊಟಕ್ಕೆ ಎದ್ದರು.

ಗುಮಾಸ್ತ ಎದ್ದು ಓಡಿದ. ಸುಳ್ಳು ನಡಾವಳಿ ಸಿಕ್ಕಿಬಿದ್ದರೆ ಸಂಜೆಯವರೆಗೂ ಕೆಲಸ ಉಳಿಯುವುದಿಲ್ಲ. ದೊಡ್ಡವರ ಊಟ ಮುಗಿಯುವುದರೊಳಗೆ ಪ್ರತಿಗಳನ್ನೆಲ್ಲ ವಾಪಸ್ ತರಬೇಕು.

ಮೊದಲು ಹೋದದ್ದು ಸೈಲೆನ್ಸರ್ ವಿಭಾಗಕ್ಕೆ. ಅಲ್ಲಿನ ಮೇಸ್ತ್ರಿ ಅವನ ಹೆಂಡತಿಯ ಅಣ್ಣ. ಹಾಳೆಯನ್ನು ಗೋಡೆಗೆ ಅಂಟಿಸಿ ಎಲ್ಲರಿಗೂ ಟೀ ಹಂಚುತ್ತಿದ್ದ.

"ಬಾರಯ್ಯಾ. ನಮ್ಮ ಸೈಲೆನ್ಸರಿಗೆ ಇನ್ನೊಂದು ತಿಂಗಳು ಆಯಸ್ಸು."

"ಭಾವ, ಆ ಹಾಳೆ ಕೊಡಿ."

"ಯಾಕೆ, ಕಾಗುಣಿತ ತಪ್ಪಿದ್ಯಾ?"

"ತೀರ್ಮಾನಾನೇ ತಪ್ಪಿದೆ. ಕರೆಂಟ್ ಕಾರು ಮಾಡ್ತಾರಂತೆ."

ಮೇಸ್ತ್ರಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. "ಅದಕ್ಕೆ ಸೈಲೆನ್ಸರೇ ಬೇಡ ಅಲ್ವಾ. ಅವರು ಕಳಿಸೋ ಮುಂಚೆ ನಾನೇ ರಾಜೀನಾಮೆ ಕೊಟ್ರೆ ಮರ್ಯಾದೆ. ಕ್ವಾರ್ಟರ್ಸ್ ಬಿಡಬೇಕಾಗುತ್ತೆ. ನಿಮ್ಮನೇಲಿ ಹಿಂದಿನ ರೂಮು ಖಾಲಿ ಇದೆ ತಾನೆ?"

ಮೇಸ್ತ್ರಿ ರಾಜೀನಾಮೆ ಬರೆಯಲು ಕೂತ. ಗುಮಾಸ್ತ ಗೋಡೆಯ ಹಾಳೆ ಕಿತ್ತುಕೊಂಡು ಹಿತ್ತಿಲ ಶೆಡ್ಡಿಗೆ ಓಡಿದ. ಬ್ಯಾಟರಿ ಮೇಡಂ ಎಂದೇ ಎಲ್ಲರೂ ಕರೆಯುವ ಎಂಜಿನಿಯರ್ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.

"ಒಂಬತ್ತು ವರ್ಷ ಕಾದೆ ಕಣ್ರೀ. ಬೇರೆ ಕಂಪನಿಯವರು ಇವತ್ತೇ ಉತ್ತರ ಕೇಳಿದಾರೆ."

"ಹೋಗ್ಬೇಡಿ ಮೇಡಂ. ಒಪ್ಪಿದಾರೆ. ನಾನೇ ಕಿವಿಯಾರೆ ಕೇಳಿದೆ."

"ನಿಮ್ಮನ್ನ ನಂಬ್ಲಾ?"

"ನಂಬಿ."

ಮೇಡಂ ಅಲ್ಲೇ ಫೋನ್ ಮಾಡಿ, ಸಿಕ್ಕಿದ್ದ ಕೆಲಸವನ್ನು ಬೇಡವೆಂದರು.

ಉಳಿದ ವಿಭಾಗಗಳ ಪ್ರತಿಗಳೂ ಸಿಕ್ಕಿದವು. ಊಟದ ಕೋಣೆಯ ಗೋಡೆಯ ಮೇಲಿದ್ದುದನ್ನು ಮಾತ್ರ ತೆಗೆಯಲಾಗಲಿಲ್ಲ. ಅದರ ಕೆಳಗೇ ದೊಡ್ಡವರು ಊಟಕ್ಕೆ ಕೂತಿದ್ದರು. ಕಾಲು ಗಂಟೆಯಲ್ಲಿ ಚೇರ್ಮನ್ನರಿಂದ ಕರೆ ಬಂತು.

"ಸಾರ್, ತಪ್ಪಾಯ್ತು," ಎಂದು ಗುಮಾಸ್ತ ಶುರುಮಾಡಿದ.

"ಇರಿ," ಎಂದರು ಚೇರ್ಮನ್. "ಗೋಡೆ ಮೇಲಿನ ಹಾಳೆ ನೋಡಿದ್ವಿ. ಇಷ್ಟು ವರ್ಷ ನೀವು ನಿರ್ದೇಶಕರನ್ನ ಕೇಳಿ ಬರೀತೀರಿ ಅಂತ ನಾನಂದ್ಕೊಂಡಿದ್ದೆ. ಅದಕ್ಕೇ ಸುಮ್ಮನೆ ಸಹಿ ಹಾಕ್ತಿದ್ದೆ. ಅವರು ನೋಡಿದ್ರೆ, ನನ್ನನ್ನ ಕೇಳಿ ಬರೀತೀರಿ ಅಂದ್ಕೊಂಡು ಸುಮ್ಮನಿದ್ರಂತೆ. ಹಾಗಾದ್ರೆ ನಿಮಗೆ ಹೇಳ್ತಿದ್ದೋರು ಯಾರು?"

"ಸಾರ್, ಅದು..." ಎಂದ ಗುಮಾಸ್ತ.

"ಬೇಡ, ಹೆಸರು ಹೇಳ್ಬೇಡಿ," ಎಂದು ಚೇರ್ಮನ್ ದನಿ ತಗ್ಗಿಸಿದರು. "ಒಂಬತ್ತು ವರ್ಷ ನಮ್ಮನ್ನ ತಡೆದೋರು ಅಂದ್ರೆ ಸಣ್ಣವರಿರಲ್ಲ. ಅವರ ಮಾತು ಮೀರೋದು ಬೇಡ ಅಂತ ಈಗ ಊಟದಲ್ಲೇ ಮತ್ತೆ ಮುಂದೂಡಿದ್ವಿ. ಹೋಗಿ, ಎಲ್ಲಾ ವಿಭಾಗಕ್ಕೂ ನೀವೇ ತಿಳಿಸಿ ಬನ್ನಿ."

ಕೆಲಸವೇನೋ ಉಳಿಯಿತು. ಗುಮಾಸ್ತ ಹೊರಗೆ ಬಂದು ನಿಂತ. ಎಡಕ್ಕೆ ಹೋದರೆ ರಾಜೀನಾಮೆ ಕೊಟ್ಟ ಭಾವ, ಬಲಕ್ಕೆ ಹೋದರೆ ಪೆಟ್ಟಿಗೆ ಬಿಚ್ಚುತ್ತಿರುವ ಮೇಡಂ.

ಅವನು ಮೊದಲು ಯಾವ ಕಡೆ ಹೋದನೋ ನನಗೆ ಗೊತ್ತಿಲ್ಲ. ಒಂಬತ್ತು ವರ್ಷಗಳ ಹಿಂದೆ ಮೊಟ್ಟಮೊದಲು 'ಮುಂದೂಡಿ' ಎಂದವರು ಯಾರೆಂದು ವಿಚಾರಿಸಿದೆ; ಅದೂ ತಿಳಿಯಲಿಲ್ಲ.