ಜಗಲಿಯ ಮೇಲಿನ ಹೋಟೆಲು

ಈ ಕತೆಯನ್ನು ಮೊದಲು ಹೇಳಿದವರು ಶಿರಂಗಾಲದ ಸಿದ್ದಮ್ಮ. ಸಾವಿರದ ಒಂಬೈನೂರ ಅರವತ್ತಮೂರರ ಶಿವರಾತ್ರಿ ಕಳೆದ ಮರುವಾರ, ಅವರ ಮನೆಯ ಹಿಂದಿನ ಕಣದಲ್ಲಿ ಹೆಂಗಸರೆಲ್ಲ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಾಗ ಹೇಳಿದ್ದು. ಇದೇ ಕತೆಯನ್ನು ಆಮೇಲೆ ಇನ್ನಿಬ್ಬರ ಬಾಯಲ್ಲಿ ಕೇಳಿದ್ದುಂಟು. ಇಬ್ಬರೂ ನಗುತ್ತ ಹೇಳಿದರು. ಸಿದ್ದಮ್ಮ ಒಮ್ಮೆಯೂ ನಗಲಿಲ್ಲ. ಕೋಪ ಬಂದಾಗಲೆಲ್ಲ ಅವರ ಮರದ ಕೊಡತಿಯ ಏಟು ಹಣ್ಣಿನ ಮೇಲೆ ಜೋರಾಗಿ ಬೀಳುತ್ತಿತ್ತು. ಇಲ್ಲಿ ಅನುಸರಿಸಿರುವುದು ಅವರ ಕ್ರಮವನ್ನೇ. ಊರಿನ ಹೆಸರು ಹೇಳಲು ಮಾತ್ರ ಅವರು ಒಪ್ಪಲಿಲ್ಲ. "ಇಲ್ಲಿಂದ ಕೂಗಿದ್ರೆ ಅಲ್ಲಿಗೆ ಕೇಳ್ತದೆ, ಅಷ್ಟು ಸಾಕು" ಎಂದರು.

ತೊಂದರೆಗೆಲ್ಲ ಮೂಲ ಒಂದು ಬೆಂಚು. ಅದನ್ನು ರಸ್ತೆಯ ಬದಿಗೆ ಹಾಕಬೇಕಿತ್ತು. ಸಣ್ಣಸ್ವಾಮಿ ಜಗಲಿಯ ಮೇಲೆ ಹಾಕಿದ.

ಸಣ್ಣಸ್ವಾಮಿಯ ತಂದೆ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವನು. ಮಗನ ಪಾಲಿಗೆ ಉಳಿದದ್ದು ಒಂದು ತುಂಡು ಗದ್ದೆ, ರಸ್ತೆಗೆ ಮುಖ ಮಾಡಿದ ಒಂದು ಮನೆ, ಮತ್ತು ಯಾರಿಗೂ ಇಲ್ಲವೆನ್ನಲಾಗದ ಒಂದು ನಾಲಿಗೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ಕಳೆದಿತ್ತು. ಆ ಮೊದಲು ಊರಿನ ಬಡವರಿಗೆ ನೆರವೆಂದು ಮೇಲಿನವರು ಬಿಳಿಯ ಕೋಳಿಗಳನ್ನು ಹಂಚಿದ್ದರು. ಯಾವ ದೇಶದ ಕೋಳಿಗಳೋ, ಮೊದಲ ಮಳೆಗೇ ನೆನೆದ ಹತ್ತಿಯಂತೆ ಮುದುಡಿ ಸತ್ತವು. ಸತ್ತದ್ದಕ್ಕೆ ಕಾರಣ ಬರೆದುಕೊಡಿ ಎಂದು ಬಡವರನ್ನೇ ಕುಶಾಲನಗರಕ್ಕೆ ಅಲೆಸಿದರು. ಇಲ್ಲಿ ಸಿದ್ದಮ್ಮನ ಕೊಡತಿ ಮೊದಲ ಸಲ ಜೋರಾಗಿ ಬಿತ್ತು.

ಆಮೇಲೆ ಬಂದ ಅಧಿಕಾರಿ ಬೇರೆ ತರದವನು. "ಏನು ಬೇಕು ಅಂತ ಅವರಿಗೇ ಗೊತ್ತಿರುತ್ತೆ, ಹಣ ಕೈಗೇ ಕೊಡಿ" ಎಂದ. ಪರೀಕ್ಷೆಗೆಂದು ಸಣ್ಣಸ್ವಾಮಿಯ ಮನೆಯನ್ನು ಆರಿಸಿ, ಅರ್ಧ ಹಣವನ್ನು ಅವನ ಹೆಂಡತಿ ಚಲುವಮ್ಮನ ಕೈಗೆ ಕೊಟ್ಟ. ಕಸುಬು ನಡೆಯುವುದನ್ನು ಕಣ್ಣಾರೆ ನೋಡಿ ಉಳಿದರ್ಧ ಕೊಡುವುದೆಂದು ಮಾತು.

ಚಲುವಮ್ಮನಿಗೆ ಏನು ಮಾಡಬೇಕೆಂಬುದು ಮೊದಲೇ ಗೊತ್ತಿತ್ತು. ಮನೆಯ ಮುಂದೆಯೇ ಬಸ್ಸು ನಿಲ್ಲುತ್ತದೆ. ಕಾಯುವವರಿಗೆ ಒಂದು ಲೋಟ ಬಿಸಿ ನೀರೂ ಸಿಗದ ಜಾಗ. ಅವಳು ಒಲೆ ಕಟ್ಟಿಸಿದಳು, ಗಾಜಿನ ಲೋಟ ತಂದಳು, ಕಾಫಿಪುಡಿ, ಬೆಲ್ಲ, ಒಂದು ಬೆಂಚು ಕೊಂಡಳು. ಉಳಿದರ್ಧ ಬಂದರೆ ಒಂದು ಎಮ್ಮೆ. ಎಮ್ಮೆ ಬರುವವರೆಗೆ ಹಾಲನ್ನು ಕೊಂಡೇ ತರಬೇಕು. ಇಂದಿನ ಕಾಫಿಯ ದುಡ್ಡಿನಿಂದಲೇ ನಾಳೆಯ ಹಾಲು. ಒಂದು ದಿನ ದುಡ್ಡು ಬಾರದಿದ್ದರೆ ಮಾರನೆಯ ದಿನ ಹೋಟೆಲಿಲ್ಲ, ಎಮ್ಮೆಯೂ ಇಲ್ಲ.

ಮೊದಲ ದಿನ ಬೆಳಿಗ್ಗೆ ಬೆಂಚನ್ನು ಹೊತ್ತು ತಂದ ಸಣ್ಣಸ್ವಾಮಿ ರಸ್ತೆಬದಿಯ ಬಿಸಿಲನ್ನು ನೋಡಿದ. "ಬಂದೋರು ಬಿಸಿಲಲ್ಲಿ ಕೂರೋದಾ, ಪಾಪ" ಎಂದು ಅದನ್ನು ಜಗಲಿಗೇರಿಸಿದ. ಬೆಂಚು ಮಾವನ ಮನೆಗೆ ಬಂದ ಅಳಿಯನಂತೆ ಗೋಡೆಗೊರಗಿ ಕೂತಿತು.

ಮೊದಲು ಬಂದವನು ಊರಿನ ದೊಡ್ಡ ಗದ್ದೆಯ ಒಡೆಯ ಸಿದ್ದಬಸಪ್ಪ. ಬಡವರ ಕೈಗೆ ಹಣ ಕೊಟ್ಟರೆ ಊರು ಹಾಳಾಗುತ್ತದೆಂದು ವಾರದಿಂದ ಸಾರುತ್ತಿದ್ದವನು. ಅವನು ಜಗಲಿಯ ಮೆಟ್ಟಿಲು ತುಳಿದನೋ ಇಲ್ಲವೋ, ಸಣ್ಣಸ್ವಾಮಿಯ ನಾಲಿಗೆ ತಾನಾಗಿ ಹೊರಳಿತು.

"ಬನ್ನಿ ಗೌಡ್ರೆ, ಕೂತ್ಕಳಿ. ಒಂಚೂರು ಕಾಫಿ ಕುಡೀರಿ."

ಸಿದ್ದಬಸಪ್ಪ ಕೂತ, ಕುಡಿದ, ಬೆಲ್ಲ ಕಡಿಮೆಯಾಯಿತೆಂದ, ಇನ್ನರ್ಧ ಲೋಟ ಹಾಕಿಸಿಕೊಂಡ. "ಸರ್ಕಾರದ ದುಡ್ಡು ಹಿಂಗೆ ಕರಗ್ತದೆ ನೋಡು" ಎಂದು ಬುದ್ಧಿ ಹೇಳಿ ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದುಹೋದ.

ಚಲುವಮ್ಮ ಒಳಗಿನಿಂದ ಕೇಳಿದಳು. "ದುಡ್ಡು ಎಲ್ಲಿ?"

"ಜಗಲಿ ಮೇಲೆ ಕೂತೋರ್ನ ದುಡ್ಡು ಕೇಳಾಕಾಯ್ತದಾ?"

"ಇದು ಹೋಟ್ಲು."

"ಅದು ನಿಂಗೂ ನಂಗೂ ಗೊತ್ತು. ಜಗಲಿಗೆ ಗೊತ್ತಾ?"

ಆ ಸೀಮೆಯಲ್ಲಿ ಜಗಲಿ ಹತ್ತಿದವನು ಯಾರೇ ಆಗಲಿ, ಅವನು ಮನೆಗೆ ಬಂದವನು. ಮನೆಗೆ ಬಂದವನಿಗೆ ಬೆಲೆ ಹೇಳುವುದೆಂದರೆ ಅವನ ಕೆನ್ನೆಗೆ ಹೊಡೆದಂತೆ. ಇದನ್ನು ಸಣ್ಣಸ್ವಾಮಿ ಬಲ್ಲ. ಊರವರು ಅವನಿಗಿಂತ ಚೆನ್ನಾಗಿ ಬಲ್ಲರು.

ಎರಡನೆಯವನು ಪಕ್ಕದ ಮನೆಯ ಜವರಯ್ಯ. ಜೊತೆಗೆ ತನ್ನ ಭಾವಮೈದುನನನ್ನೂ ಕರೆತಂದಿದ್ದ. "ನಮ್ ಸಣ್ಣಸ್ವಾಮಿ ಹೋಟ್ಲು ಮಡಗವ್ನೆ, ನಮ್ಮದೇ ಅಂದ್ಕೋ, ಕುಡಿ" ಎಂದು ಉಪಚಾರವನ್ನೂ ತಾನೇ ಮಾಡಿದ. ಅವರ ಹಿಂದೆ ಗದ್ದೆಗೆ ಹೊರಟವರು ಬಂದರು. ಗದ್ದೆಗೆ ಹೊರಡದವರೂ ಬಂದರು. ಒಳಗೆ ಚಲುವಮ್ಮನ ಚಮಚ ಪಾತ್ರೆಗೆ ಬಡಿದು, ಚಳಿಜ್ವರ ಬಂದಂತೆ ಸದ್ದು ಮಾಡತೊಡಗಿತು.

ಕೊನೆಗೆ ಅವಳು ಹೊರಬಂದು, "ಆ ಬೆಂಚು ಎತ್ತಿ ರಸ್ತೆಗೆ ಹಾಕು" ಎಂದಳು. ಸಣ್ಣಸ್ವಾಮಿ ಕೂತವರ ಕ್ಷಮೆ ಕೇಳಿ, ಬೆಂಚನ್ನು ಎಳೆದುಕೊಂಡು ಹೋಗಿ ರಸ್ತೆಯಂಚಿಗೆ ಹಾಕಿ, ಬೆವರು ಒರೆಸಿಕೊಂಡು ಲೋಟ ತೊಳೆಯಲು ಒಳಗೆ ಹೋದ. ತಿರುಗಿ ಬರುವಷ್ಟರಲ್ಲಿ ಬೆಂಚು ಮತ್ತೆ ಜಗಲಿಯ ಮೇಲಿತ್ತು.

"ಬಿಸಿಲಲ್ಲಿ ಒಣಗ್ತಿತ್ತು ಕಣ್ಲಾ, ಹೊಸ ಮರ, ಬಿರುಕು ಬಿಡ್ತದೆ" ಎಂದ ಜವರಯ್ಯ. "ನಾವು ನಾಲ್ಕು ಜನ ಸೇರಿ ಎತ್ತಿ ಹಾಕ್ದೋ. ಅಬ್ಬಾ, ಏನು ಭಾರ. ಒಂದೊಂದು ಲೋಟ ಕಾಫಿ ಕೊಡು ಈಗ."

ಮಧ್ಯಾಹ್ನದ ಬಸ್ಸು ಬಂತು. ಇಳಿದವರು ಪರವೂರಿನವರು, ಜಗಲಿಯ ಹಂಗಿಲ್ಲದವರು. ಒಬ್ಬ ವ್ಯಾಪಾರಿ ಕಾಫಿ ಕುಡಿದು, ತಾನಾಗಿಯೇ ಜೇಬಿಗೆ ಕೈ ಹಾಕಿ ಹೊಸ ಪೈಸೆಯ ನಾಣ್ಯಗಳನ್ನು ತೆಗೆದ. ಬಾಗಿಲ ಸಂದಿಯಲ್ಲಿ ಚಲುವಮ್ಮ ದುಡ್ಡಿನ ಡಬ್ಬಿಯ ಮುಚ್ಚಳ ತೆಗೆದಳು.

ಜವರಯ್ಯ ಎದ್ದು ಆ ಕೈಯನ್ನು ಹಿಡಿದೇಬಿಟ್ಟ. "ಒಳಗಿಡಿ ಸ್ವಾಮಿ. ನಮ್ಮೂರಿಗೆ ಬಂದೋರು ಕಾಫಿಗೆ ದುಡ್ಡು ಕೊಟ್ರೆ ನಮ್ಮೂರ ಮಾನ ಏನಾಗ್ಬೇಕು?"

ವ್ಯಾಪಾರಿ ಊರನ್ನು ಬಾಯ್ತುಂಬ ಹೊಗಳಿ ಬಸ್ಸು ಹತ್ತಿದ. ಊರ ಮಾನ ಉಳಿಯಿತು, ಹಾಲು ಮುಗಿಯಿತು. ಪರರ ಹಾಲಿನಲ್ಲಿ ಉದಾರಿಯಾಗುವವರನ್ನು ಏನೆಂದು ಕರೆಯಬೇಕೆಂದು ಸಿದ್ದಮ್ಮ ಕಣದಲ್ಲಿದ್ದವರನ್ನು ಕೇಳಿದರು. ಬಂದ ಉತ್ತರಗಳನ್ನು ಇಲ್ಲಿ ಬರೆಯುವಂತಿಲ್ಲ.

ಮೂರು ಗಂಟೆಯ ಹೊತ್ತಿಗೆ ಅಧಿಕಾರಿಯ ಜವಾನ ಸೈಕಲ್ಲಿನಲ್ಲಿ ಬಂದ. ಜಗಲಿಯ ತುಂಬ ಜನ, ಖಾಲಿ ಪಾತ್ರೆ, ಖಾಲಿ ಡಬ್ಬಿ, ಹುಳಿಗಟ್ಟಿದ ಮುಖದ ಚಲುವಮ್ಮ. "ಸಾಹೇಬ್ರು ಸಂಜೆ ಬರ್ತಾರೆ. ಹೋಟ್ಲು ನಡೀತಿದ್ರೆ ಇವನಿಗೆ ಉಳಿದ ಹಣ. ನಿಮ್ಮೆಲ್ಲರ ಮನೆಗೂ ಇದೇ ತರ ಕೈಗೇ ಹಣ ಬರ್ತದೆ. ನಡೀದಿದ್ರೆ ಮೊದಲಿನ ಹಾಗೇ ಕೋಳಿ" ಎಂದ.

ಜವರಯ್ಯ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

"ನಮಗೂನಾ?"

"ನಿಮಗೂನು."

"ಮೊದ್ಲೇ ಹೇಳಬಾರ್ದಾ ಸಣ್ಣಸ್ವಾಮಿ? ಹೆಂಗೆ ಹೋಟ್ಲು ನಡ್ಸೋದು ಅಂತ ನಿಂಗೆ ಗೊತ್ತೇ ಇಲ್ವಲ್ಲ ಮಾರಾಯ" ಎಂದು ಜವರಯ್ಯ ಗದರಿದ. "ದುಡ್ಡು ಇಸ್ಕೊಳ್ದೆ ಯಾರಾದ್ರೂ ಕಾಫಿ ಕೊಡ್ತಾರಾ?"

ಆಮೇಲೆ ನಡೆದದ್ದನ್ನು ಹೇಳುವಾಗ ಮೂವರು ಕತೆಗಾರರೂ ಒಂದೇ ಮಾತು ಬಳಸುತ್ತಾರೆ: ಊರು ಎದ್ದು ನಿಂತಿತು. ಜವರಯ್ಯನ ಮನೆಯಿಂದ ಹಾಲು ಬಂತು, ಇನ್ನೊಬ್ಬರ ಮನೆಯಿಂದ ಬೆಲ್ಲ ಬಂತು. ಬೆಂಚನ್ನು ನಾಲ್ವರು ಓಡುತ್ತ ರಸ್ತೆಬದಿಗೆ ಹೊತ್ತರು. ಅದು ಈಗ ಯಾರಿಗೂ ಭಾರವೆನಿಸಲಿಲ್ಲ. ಮದುವೆಗೆಂದು ತೆಗೆದಿಟ್ಟ ಅಂಗಿಗಳು ಹೊರಬಂದವು. ಒಳ್ಳೆಯ ಗಿರಾಕಿಗಳು ಮಾಸಿದ ಬಟ್ಟೆಯಲ್ಲಿದ್ದರೆ ಹೋಟೆಲಿಗೆ ಕಳೆ ಬರುವುದಿಲ್ಲವಲ್ಲ. ಸಿದ್ದಬಸಪ್ಪನಿಗೂ ಸುದ್ದಿ ಮುಟ್ಟಿತು. ತನ್ನ ಒಕ್ಕಲು ಮಕ್ಕಳಿಗೆ ಹಣ ಬಂದರೆ ಗೇಣಿಯ ಬಾಕಿ ತೀರೀತೆಂದು ಅವನು ಜರತಾರಿ ಪೇಟ ಸುತ್ತಿಕೊಂಡೇ ಬಂದ.

ಜೀಪು ಬಂದಾಗ ಬೆಂಚಿನ ಮೇಲೆ ಜಾಗವಿರಲಿಲ್ಲ. ಅಧಿಕಾರಿ ಇಳಿದು ನಿಂತು ನೋಡಿದ. ಚಲುವಮ್ಮ ಲೋಟ ಕೊಡುತ್ತಿದ್ದಳು. ಡಬ್ಬಿಯಲ್ಲಿ ನಾಣ್ಯ ಬೀಳುತ್ತಿತ್ತು. ಬೆಳಗಿನಿಂದ ಅವಳ ಮುಖದ ಮೇಲೆ ಮೊದಲ ಸಲ ನಗು ಕಂಡಿತ್ತು.

"ನಂಗಿನ್ನೊಂದು" ಎಂದ ಜವರಯ್ಯ, ಅಧಿಕಾರಿಗೆ ಕೇಳಿಸುವಂತೆ. "ದಿನಾ ಮೂರು ಲೋಟ ಕುಡೀದಿದ್ರೆ ನಿದ್ದೆ ಹತ್ತಲ್ಲ."

"ದುಡ್ಡಿಗೇನಂತೆ" ಎಂದು ಸಿದ್ದಬಸಪ್ಪ ಬೆಳ್ಳಿಯ ರೂಪಾಯಿಯನ್ನೇ ಹಾಕಿ, "ಚಿಲ್ರೆ ಇಟ್ಕೋ ತಾಯಿ" ಎಂದ.

ಅಧಿಕಾರಿ ಪೇಟವನ್ನು ನೋಡಿದ, ಮದುವೆಯ ಅಂಗಿಗಳನ್ನು ನೋಡಿದ, ಸಣ್ಣಸ್ವಾಮಿಯ ಬೆನ್ನು ತಟ್ಟಿದ.

"ನನಗೆ ತುಂಬ ಸಂತೋಷವಾಯ್ತು. ಹಣ ಕೈಗೇ ಕೊಟ್ಟರೆ ಏನಾಗುತ್ತೆ ಅಂತ ಮೇಲಿನವರಿಗೆ ಇದನ್ನೇ ಬರೀತೀನಿ. ಅರ್ಧ ಹಣದಲ್ಲೇ ಇಷ್ಟು ವ್ಯಾಪಾರ. ಉಳಿದರ್ಧ ನಿಮಗೆ ಬೇಕಾಗಿಯೇ ಇಲ್ಲ."

ಜವರಯ್ಯ ಮುಂದೆ ಬಂದ. "ನಮ್ದು ಸ್ವಾಮಿ? ನಮಗೂ ಹಣ ಅಂದ್ರು."

"ನಿಮಗಾ?" ಅಧಿಕಾರಿ ನಕ್ಕ. "ದಿನಕ್ಕೆ ಮೂರು ಸಲ ಹೋಟೆಲ್ ಕಾಫಿ ಕುಡಿಯೋ ಊರು ಇದು. ನೆರವು ಬಡವರಿಗೆ ಕೊಡೋದಪ್ಪ. ಪಕ್ಕದ ಊರಿಗೆ ಬರೀತೀನಿ."

ಜೀಪು ಹೊರಟುಹೋಯಿತು. ಊರು ಸಣ್ಣಸ್ವಾಮಿಯ ಕಡೆಗೆ ತಿರುಗಿತು.

"ಅಷ್ಟೊಂದು ವ್ಯಾಪಾರ ಯಾಕ್ಲಾ ಮಾಡ್ದೆ?" ಎಂದ ಜವರಯ್ಯ. "ಒಂದಿಷ್ಟು ಕಮ್ಮಿ ಮಾಡಿದ್ರೆ ನಿಂಗೇನು ಗಂಟು ಹೋಗ್ತಿತ್ತು? ಊರೋರ ಬಾಯಿಗೆ ಮಣ್ಣು ಹಾಕ್ದೆ."

"ಇವನ ಮನೆ ಜಗಲಿ ಇನ್ಮೇಲೆ ಯಾರೂ ಹತ್ತಬ್ಯಾಡಿ" ಎಂದು ಸಿದ್ದಬಸಪ್ಪ ತೀರ್ಪು ಕೊಟ್ಟ. "ಒಂದು ತೊಟ್ಟು ನೀರು ಕುಡಿದ್ರೂ ನಮ್ಮಾಣೆ."

ಎಲ್ಲರೂ ಹೌದೆಂದು ಮುಖ ತಿರುಗಿಸಿ ಹೊರಟರು. ಚಲುವಮ್ಮ ಡಬ್ಬಿಯನ್ನು ಅಲುಗಿಸಿ ನೋಡಿದಳು. ನಾಳೆಯ ಹಾಲಿಗೆ ಸಾಕು, ನಾಳಿದ್ದಿಗೂ ಸಾಕು. ಜಗಲಿ ಹತ್ತುವವರಿಲ್ಲದಿದ್ದರೆ ಬಸ್ಸಿನವರ ಕೈ ಹಿಡಿಯುವವರೂ ಇಲ್ಲ. ಎಮ್ಮೆ ತಡವಾಗಿಯಾದರೂ ಬಂದೇ ಬರುತ್ತದೆ. ಅವಳು ಇದನ್ನು ಗಂಡನಿಗೆ ಹೇಳಬೇಕೆಂದು ತಿರುಗಿದಳು.

ಅವನು ಅಲ್ಲಿರಲಿಲ್ಲ. ರಸ್ತೆಯ ತಿರುವಿನಲ್ಲಿ ಊರವರ ಹಿಂದೆ ಓಡುತ್ತಿದ್ದ. ಅವನ ದನಿ ಅವಳವರೆಗೂ ಕೇಳುತ್ತಿತ್ತು.

"ಗೌಡ್ರೆ, ಜವರಣ್ಣ, ಸಿಟ್ಟು ಮಾಡ್ಕೊಂಡು ಹಂಗೆ ಹೋಗ್ಬ್ಯಾಡಿ. ಆಣೆಗೀಣೆ ಎಲ್ಲ ಯಾಕೆ. ನಾಳೆ ಬೆಳಿಗ್ಗೆ ಎಲ್ರೂ ಮನೆ ಕಡೆ ಬನ್ನಿ, ಒಂಚೂರು ಕಾಫಿ ಕುಡ್ದು ಮಾತಾಡ್ಕೊಂಡು ಹೋಗುವ್ರಂತೆ."

ಅವರು ಒಪ್ಪಿಕೊಂಡರು, ಎಂದರು ಸಿದ್ದಮ್ಮ. ಹೆಚ್ಚು ಬಲವಂತ ಮಾಡಿಸಿಕೊಳ್ಳಲಿಲ್ಲ.

ಕಣದಲ್ಲಿ ಕೂತಿದ್ದ ಸಿದ್ದಮ್ಮನ ಸೊಸೆ ದಮಯಂತಿ, "ಆ ಚಲುವಮ್ಮ ಅವನನ್ನ ಏನೂ ಮಾಡ್ಲಿಲ್ವಾ?" ಎಂದು ಕೇಳಿದಳು. ಸಿದ್ದಮ್ಮ ಕೊನೆಯ ಹಣ್ಣನ್ನು ಜೋರಾಗಿ ಕುಟ್ಟಿದರು. ದನಗಳು ಹೊಳೆಯ ಕಡೆಯಿಂದ ಬರುತ್ತಿದ್ದವು. ಹೆಂಗಸರು ಎದ್ದು, ಸೆರಗಿಗೆ ಅಂಟಿದ ಹುಣಸೆ ನಾರನ್ನು ಬಿಡಿಸಿಕೊಳ್ಳುತ್ತ, ಮೊರಗಳನ್ನು ಸೊಂಟಕ್ಕಿಟ್ಟುಕೊಂಡು ತಮ್ಮ ತಮ್ಮ ಮನೆಗೆ ಹೊರಟರು.