ಅತ್ತಿಯ ಎದಿ, ಅಪ್ಪನ ಎದಿ

ನಮ್ಮ ಅತ್ತಿಯ ಜೊತೆ ಪೈಪೋಟಿಗೆ ಬೀಳದವರು ಇಡೀ ಬೈಲಹೊಂಗಲದಲ್ಲಿ ಇಬ್ಬರೇ: ಒಬ್ಬರು ನಿನ್ನೆ ಊರಿಗೆ ಬಂದವರು, ಇನ್ನೊಬ್ಬರು ಇವತ್ತೇ ಬಿಟ್ಟು ಹೋಗುವವರು!

ಆಕೆಯೂ ನಮ್ಮಪ್ಪನೂ ಅವಳಿ. ಆಕೆ ಹತ್ತು ನಿಮಿಷ ದೊಡ್ಡವಳು. ಅಪ್ಪ ಮೊದಲು ಉಂಡರೆ ಸಿಟ್ಟು, ಮೊದಲು ಸೀನಿದರೂ ಸಿಟ್ಟು!

ಹೋದ ವರ್ಷ ಅಪ್ಪನ ಎದೆಬಡಿತ ತಾಳ ತಪ್ಪಿತು. ಅಪ್ಪ ಅಂಜುಬುರುಕ, ಅದೇ ದಿನ ಬೆಳಗಾವಿಯ ಡಾಕ್ಟರ ಮುಂದೆ ಕೂತ. ಜೊತೆಗೆ ಬಂದಿದ್ದ ಅತ್ತಿ ಹೆಮ್ಮೆಯಿಂದ, "ಇಷ್ಟಕ್ಕ ದವಾಖಾನಿ ಏನೋ? ನನಗ ಎರಡ ವರ್ಷದಿಂದ ಹಿಂಗ ಬಡಿತೈತಿ!" ಅಂದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಮತ್ಯಾಕ ತೋರಿಸ್ಲಿಲ್ಲರಿ?"

"ಹಿಟ್ಟಿನ ಗಿರಣಿ ನಡಸ್ತೇನ್ರಿ. ಗಿರಣಿ ನಡಗಿದ್ರ ಎದಿನೂ ನಡಗತೈತಿ ಅಂತ ಬಿಟ್ಟಿದ್ನಿ!"

ತಪಾಸಣೆ ಮಾಡಿದರೆ ಆಕೆಗೂ ಅದೇ ಕಾಯಿಲೆ! ಒಂದೇ ವಾರದಲ್ಲಿ ಇಬ್ಬರಿಗೂ ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ಹಾಯಿಸಿ, ಹೃದಯದಲ್ಲಿ ತಾಳ ಕೆಡಿಸುವ ಜಾಗಗಳನ್ನು ಸುಟ್ಟರು. ಎಚ್ಚರಾದ ಕೂಡಲೇ ಅತ್ತಿ ಕೇಳಿದ್ದೇನು ಗೊತ್ತೇ? "ಅವಂದು ಎಷ್ಟ ಕಡೆ ಸುಟ್ರಿ? ನಂದು?"

ಮೂರು ತಿಂಗಳಿಗೆ ಸ್ಕ್ಯಾನು. ಅತ್ತಿ ಬಹುಮಾನ ಇಸಿದುಕೊಳ್ಳಲು ಹೊರಟವಳಂತೆ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ಅಪ್ಪನ ಹಿಗ್ಗಿದ್ದ ಹೃದಯದ ಕೋಣೆ ಮೊದಲಿನ ಅಳತೆಗೆ ಬಂದಿತ್ತು. ಅತ್ತಿಯದು ಬಂದಿರಲಿಲ್ಲ.

"ಒಂದ ಹೊಟ್ಟ್ಯಾಗ ಹುಟ್ಟೇವಿ, ಒಬ್ರ ಡಾಕ್ಟರು! ಇದ್ಯಾವ ನ್ಯಾಯರಿ?"

"ಹೆಣ್ಣಮಕ್ಕಳ ಹೃದಯ ಭಾಳ ಸಲ ಸಾವಕಾಶ ಸುಧಾರಸ್ತೈತ್ರಿ, ಅವ್ವಾರ. ಅದರಾಗ ನೀವು ತಡಾ ಮಾಡಿ ಬಂದೀರಿ. ಗುಳಿಗಿ ಬಿಡಬ್ಯಾಡ್ರಿ, ದಿನಾ ಸ್ವಲ್ಪ ಸ್ವಲ್ಪ ನಡೀರಿ."

'ಸ್ವಲ್ಪ' ಅನ್ನುವುದು ಅತ್ತಿಯ ಕಿವಿಗೆ ಬೀಳಲೇ ಇಲ್ಲ! ಮರುದಿನ ಮುಂಜಾನೆಯೇ ಸಂಪಗಾಂವ ರಸ್ತೆಯಲ್ಲಿ ಪಂದ್ಯ ಶುರು! ಅತ್ತಿ ಮುಂದೆ, ಅಪ್ಪ ಹಿಂದೆ, ನೀರಿನ ಬಾಟಲಿ ಹಿಡಿದು ನಾನು. ಎರಡು ಫರ್ಲಾಂಗಿಗೇ ಅತ್ತಿಗೆ ಏದುಸಿರು ಹತ್ತಿತು. ತುಟಿ ಬಿಗಿಹಿಡಿದಳೇ ಹೊರತು ನಿಲ್ಲಲಿಲ್ಲ. ನನಗೆ ಗಾಬರಿ! ಕೂಗಬೇಕು ಅನ್ನುವಷ್ಟರಲ್ಲಿ ಅಪ್ಪ ದಂಡೆಯ ಕಲ್ಲಿನ ಮೇಲೆ ಕುಸಿದು ಕೂತ.

"ತಡಿಯಬೇ ಅಕ್ಕಾ. ನನ್ನ ಕೈಲೆ ಆಗವಲ್ದು."

ಓಡಿ ಹೋಗಿ ನೋಡಿದೆ. ಅಪ್ಪನ ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ, ಉಸಿರು ನಿರಾಳವಾಗಿತ್ತು.

ಅತ್ತಿ ತಿರುಗಿ ಬಂದು ಪಕ್ಕದಲ್ಲಿ ಕೂತಳು. ಗೆದ್ದೆ ಅನ್ನಲಿಲ್ಲ. ತಾನೇ ಏದುಸಿರು ಬಿಡುತ್ತ ಅವನ ಬೆನ್ನು ಸವರತೊಡಗಿದಳು. "ಅಂಜಬ್ಯಾಡೋ ತಮ್ಮಾ. ಸಾವಕಾಶ ಆಗ್ಲಿ... ನಾ ಅದೇನಿ."

ಅಪ್ಪ ತಲೆ ತಗ್ಗಿಸಿಕೊಂಡೇ ಕೂತ. ಆಕೆಯ ಉಸಿರು ಹದಕ್ಕೆ ಬರುವತನಕ ಏಳಲಿಲ್ಲ.